ಸಿಡ್ನಿಯ ವಿಷಜೇಡಗಳು ಮತ್ತು ಮನುಷ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದು ನೆಲೆಸುವ ಕನ್ನಡಿಗರು, ಮಕ್ಕಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಬರುವ ತಂದೆತಾಯಂದಿರು, ಊರಿನಿಂದ ಫೋನು ಮಾಡಿ ಕ್ಷೇಮ ವಿಚಾರಿಸುವ ಬಂಧುಗಳು ಇಲ್ಲಿನ ಜೇಡಗಳ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ನಾನು ವೈದ್ಯನಲ್ಲ, ಸಿಡ್ನಿಯ ಉತ್ತರ ಭಾಗದಲ್ಲಿ, ಕಾಡಿನ ಅಂಚಿಗೆ ತಾಗಿದ ಬಡಾವಣೆಯೊಂದರಲ್ಲಿ ಬಹಳ ವರ್ಷಗಳಿಂದ ವಾಸವಾಗಿರುವವನು. ಹೆದರಬೇಕಾದ ಜೇಡಕ್ಕಿಂತ ಹೆದರಬೇಕಿಲ್ಲದ ಜೇಡಗಳಿಗೇ ನಮ್ಮವರು ಹೆಚ್ಚು ಹೆದರುವುದನ್ನೂ, ಜೀವ ಉಳಿಸುವ ಸರಳವಾದ ಪ್ರಥಮ ಚಿಕಿತ್ಸೆಯನ್ನು ಮಾತ್ರ ಕಲಿಯದೆ ಇರುವುದನ್ನೂ ಕಂಡು ಈ ಉತ್ತರಗಳನ್ನು ಬರೆದಿದ್ದೇನೆ.

ಈಗಷ್ಟೇ ಯಾರಿಗೋ ದೊಡ್ಡ ಕಪ್ಪು ಜೇಡ ಕಚ್ಚಿದೆ. ಮೊದಲು ಏನು ಮಾಡಬೇಕು?

ಉಳಿದದ್ದನ್ನು ಆಮೇಲೆ ಓದಿ. 000ಕ್ಕೆ ಕರೆ ಮಾಡಿ ಆಂಬುಲೆನ್ಸ್ ಕೇಳಿ. ಕಚ್ಚಿಸಿಕೊಂಡವರನ್ನು ಇದ್ದಲ್ಲೇ ಕೂರಿಸಿ ಅಥವಾ ಮಲಗಿಸಿ. ಒಂದು ಹೆಜ್ಜೆಯನ್ನೂ ನಡೆಸಬೇಡಿ. ಕಚ್ಚಿದ್ದು ಕೈಗೋ ಕಾಲಿಗೋ ಆಗಿದ್ದರೆ ಅಗಲವಾದ ಎಲಾಸ್ಟಿಕ್ ಬ್ಯಾಂಡೇಜನ್ನು ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಸುತ್ತಿ, ಆಮೇಲೆ ಬೆರಳುಗಳ ಕಡೆಯಿಂದ ಮೇಲಕ್ಕೆ ಇಡೀ ಕೈ ಅಥವಾ ಕಾಲು ಮುಚ್ಚುವಂತೆ ಸುತ್ತುತ್ತಾ ಹೋಗಿ. ಆಂಬುಲೆನ್ಸ್ ಬರುವ ತನಕ ಅದನ್ನು ಬಿಚ್ಚಬೇಡಿ.

ಆಸ್ಟ್ರೇಲಿಯಾದಲ್ಲಿ ಜೇಡ ಕಚ್ಚಿ ವರ್ಷಕ್ಕೆ ಎಷ್ಟು ಜನ ಸಾಯುತ್ತಾರೆ?

ಈ ಪ್ರಶ್ನೆ ಕೇಳುವವರು ನೂರಾರು ಎಂಬ ಉತ್ತರ ನಿರೀಕ್ಷಿಸುತ್ತಾರೆ. ಇಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ ದೊಡ್ಡ ಕಪ್ಪು ಜೇಡವಾದ ಸಿಡ್ನಿಯ ಫನಲ್‌ವೆಬ್‌ನಿಂದ 1927ರಿಂದ 1980ರವರೆಗಿನ ಐದು ದಶಕಗಳಲ್ಲಿ ದಾಖಲಾದ ಒಟ್ಟು ಸಾವುಗಳು 13. ಅದರ ವಿಷಕ್ಕೆ ಪ್ರತಿವಿಷ, ಅಂದರೆ ಆಂಟಿವೆನಮ್, 1981ರಲ್ಲಿ ಬಳಕೆಗೆ ಬಂದ ಮೇಲೆ ಆ ಜೇಡದ ಕಡಿತದಿಂದ ಒಬ್ಬರೂ ಸತ್ತದ್ದು ದಾಖಲಾಗಿಲ್ಲ. 2000ದಿಂದ 2013ರವರೆಗಿನ ಅವಧಿಯ ಆಸ್ಪತ್ರೆ ಮತ್ತು ಮರಣ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ ವಿಷಜಂತುಗಳಿಂದ ಸತ್ತವರ ಸಂಖ್ಯೆ ಇಡೀ ದೇಶಕ್ಕೆ 64 ಇತ್ತು. ಅದರಲ್ಲಿ ಹಾವಿನಿಂದ 27, ಜೇನು ಮತ್ತು ಕಣಜಗಳಿಂದ 27, ಜೇಡದಿಂದ ಸೊನ್ನೆ.

ಈ ಸೊನ್ನೆಯನ್ನು ಓದಿ ಜೇಡದ ವಿಷವೇ ಸೌಮ್ಯವೆಂದು ತಿಳಿದರೆ ತಪ್ಪಾಗುತ್ತದೆ. ವಿಷ ಹಿಂದೆ ಹೇಗಿತ್ತೋ ಈಗಲೂ ಹಾಗೆಯೇ ಇದೆ. ಬದಲಾದದ್ದು ಪ್ರಥಮ ಚಿಕಿತ್ಸೆ ಮತ್ತು ಆಸ್ಪತ್ರೆಯ ಚಿಕಿತ್ಸೆ. ಇವೆರಡರಲ್ಲಿ ಮೊದಲನೆಯದು ಮನೆಯವರ ಕೈಯಲ್ಲಿದೆ.

ಎಲ್ಲ ಜೇಡಗಳಿಗೂ ವಿಷವಿರುತ್ತದೆಯೇ?

ಹೆಚ್ಚುಕಡಿಮೆ ಎಲ್ಲಕ್ಕೂ ಇರುತ್ತದೆ. ವಿಜ್ಞಾನಕ್ಕೆ ಪರಿಚಿತವಾದ ಜೇಡಗಳ ಪ್ರಭೇದಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ವಿಷಗ್ರಂಥಿಯೇ ಇಲ್ಲದ ಒಂದು ಸಣ್ಣ ಕುಟುಂಬವನ್ನು ಬಿಟ್ಟರೆ ಬಹುತೇಕ ಉಳಿದವೆಲ್ಲವೂ ವಿಷದಿಂದಲೇ ಬೇಟೆಯಾಡುತ್ತವೆ. ಆದರೆ ಆ ವಿಷ ರೂಪುಗೊಂಡಿರುವುದು ನೊಣ, ಜಿರಳೆ, ಮಿಡತೆಗಳಿಗಾಗಿ. ಬಹುಪಾಲು ಜೇಡಗಳ ಹಲ್ಲು ನಮ್ಮ ಚರ್ಮವನ್ನು ತೂರುವುದಿಲ್ಲ, ತೂರಿದರೂ ಒಳಸೇರುವ ವಿಷ ಇರುವೆ ಕಚ್ಚಿದಷ್ಟು ಉರಿಯಿಂದಾಚೆಗೆ ಏನನ್ನೂ ಮಾಡಲಾರದು. ಮನುಷ್ಯನ ಪ್ರಾಣಕ್ಕೆ ಅಪಾಯ ತರಬಲ್ಲ ಗುಂಪುಗಳನ್ನು ಬೆರಳಲ್ಲಿ ಎಣಿಸಬಹುದು: ಆಸ್ಟ್ರೇಲಿಯಾದ ಫನಲ್‌ವೆಬ್‌ಗಳು, ಹಲವು ದೇಶಗಳಲ್ಲಿರುವ ವಿಡೋ ಜಾತಿಯ ಜೇಡಗಳು, ದಕ್ಷಿಣ ಅಮೆರಿಕದ ಅಲೆಮಾರಿ ಜೇಡಗಳು, ಅಮೆರಿಕ ಖಂಡಗಳಲ್ಲಿ ಮುಖ್ಯವಾಗಿ ಕಾಣುವ ಕಂದುಬಣ್ಣದ ರೆಕ್ಲೂಸ್ ಗುಂಪು.

ಮನೆಯ ಮೂಲೆಯಲ್ಲಿ ತಲೆಕೆಳಗಾಗಿ ತೂಗುವ, ಕೂದಲೆಳೆಯಂಥ ಉದ್ದ ಕಾಲುಗಳ ಜೇಡವೇ ಜಗತ್ತಿನ ಅತ್ಯಂತ ವಿಷಕಾರಿ, ಅದರ ಹಲ್ಲು ಮಾತ್ರ ಚಿಕ್ಕದು ಎಂಬ ಮಾತು ಬೆಂಗಳೂರಿನಲ್ಲೂ ಕೇಳಿಬರುತ್ತದೆ, ಸಿಡ್ನಿಯಲ್ಲೂ ಕೇಳಿಬರುತ್ತದೆ. ಅದಕ್ಕೆ ಯಾವ ಆಧಾರವೂ ಇಲ್ಲ.

ಫನಲ್‌ವೆಬ್ ಜೇಡವನ್ನು ಗುರುತಿಸುವುದು ಹೇಗೆ?

ಒಂದು ಏಪ್ರಿಲ್ ತಿಂಗಳ ಬೆಳಿಗ್ಗೆ, ರಾತ್ರಿಯಿಡೀ ಮಳೆ ಸುರಿದು ನಿಂತ ಮೇಲೆ, ನಮ್ಮ ಗ್ಯಾರೇಜಿನ ಸಿಮೆಂಟ್ ನೆಲದ ಮೇಲೆ ಅದನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡಿದೆ. ಅಮ್ಮ ಬಿಟ್ಟಿದ್ದ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿತ್ತು. ದೇಹದ ಮುಂಭಾಗ ತೊಳೆದಿಟ್ಟ ನೇರಳೆ ಹಣ್ಣಿನಂತೆ ಕಪ್ಪಗೆ ಹೊಳೆಯುತ್ತಿತ್ತು, ಅದರ ಮೇಲೆ ಒಂದು ಕೂದಲೂ ಇರಲಿಲ್ಲ. ಹಿಂಭಾಗ ಮಾತ್ರ ಮಂಕಾದ ಕಂದು. ಪೊರಕೆಯ ಕಡ್ಡಿಯನ್ನು ಮುಂದೆ ಚಾಚಿದಾಗ ಅದು ಓಡಲಿಲ್ಲ. ಮುಂಗಾಲುಗಳನ್ನೆತ್ತಿ ಹಿಂದಕ್ಕೆ ಬಾಗಿ ನಿಂತಿತು, ಕೆಳಮುಖವಾದ ಎರಡು ಹಲ್ಲುಗಳ ತುದಿಯಲ್ಲಿ ವಿಷದ ಹನಿ ಮಿನುಗಿತು. ಬೇರೆ ಯಾವ ಜೇಡವಾದರೂ ಅಷ್ಟು ಹೊತ್ತಿಗೆ ಮೂಲೆ ಸೇರಿರುತ್ತಿತ್ತು.

ಹೊಳೆಯುವ ಕಪ್ಪು ತಲೆ, ದಪ್ಪ ಮೈ, ಹಾವಿನಂತೆ ಕೆಳಕ್ಕೆ ಕುಕ್ಕುವ ಹಲ್ಲುಗಳು, ಹಿಂತುದಿಯಲ್ಲಿ ಎರಡು ಉದ್ದನೆಯ ನೂಲುವ ಅಂಗಗಳು ಇದರ ಲಕ್ಷಣ. ಹೆಣ್ಣು ತೇವವಾದ ಮಣ್ಣಿನಲ್ಲಿ, ಕಲ್ಲಿನ ಅಡಿಯಲ್ಲಿ, ಕೊಳೆತ ಮರದ ಬುಡದಲ್ಲಿ ಬಿಲ ತೋಡಿ ಅದರ ಬಾಯಿಗೆ ಲಾಳಿಕೆಯಾಕಾರದ ರೇಷ್ಮೆಯನ್ನು ಹೊದಿಸಿ, ಸುತ್ತ ಎಳೆಗಳನ್ನು ಹರಡಿ ಕೂತಿರುತ್ತದೆ. ಹುಳ ಆ ಎಳೆಯನ್ನು ತುಳಿದರೆ ಒಳಗೆ ಸುದ್ದಿ ಮುಟ್ಟುತ್ತದೆ. ಹೆಸರು ಬಂದದ್ದು ಆ ಲಾಳಿಕೆಯಿಂದ.

ಆಸ್ಟ್ರೇಲಿಯಾದಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಫನಲ್‌ವೆಬ್‌ಗಳಿವೆ. ಸಿಡ್ನಿಯ ಫನಲ್‌ವೆಬ್ ಎಂದು ಒಂದೇ ಹೆಸರಿನಿಂದ ಕರೆಯುತ್ತಿದ್ದದ್ದು ನಿಜವಾಗಿ ಮೂರು ಪ್ರಭೇದಗಳು ಎಂದು 2025ರ ಜನವರಿಯಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನ್ಯೂಕಾಸಲ್ ನಗರದ ಆಸುಪಾಸಿನದು. ಅದೇ ತಿಂಗಳು ಆ ಕಡೆಯಿಂದ ಸಿಕ್ಕ ಒಂದು ಗಂಡು ಜೇಡ ಕಾಲಿನ ತುದಿಯಿಂದ ತುದಿಗೆ 9.2 ಸೆಂಟಿಮೀಟರ್ ಇತ್ತು. ಹೆಸರು ಮೂರಾದರೂ ಪ್ರತಿವಿಷ ಒಂದೇ, ಅದು ಮೂರಕ್ಕೂ ಕೆಲಸ ಮಾಡುತ್ತದೆ.

ಹೆಣ್ಣಿಗಿಂತ ಗಂಡು ಜೇಡವೇ ಏಕೆ ಹೆಚ್ಚು ಅಪಾಯಕಾರಿ?

ಎರಡು ಕಾರಣಗಳಿವೆ. ಹೆಣ್ಣು ವರ್ಷಗಟ್ಟಲೆ ತನ್ನ ಬಿಲದಲ್ಲೇ ಉಳಿಯುತ್ತದೆ. ಪ್ರಾಯಕ್ಕೆ ಬಂದ ಗಂಡು ಬಿಲ ಬಿಟ್ಟು, ಬೇಸಿಗೆ ಮತ್ತು ಶರತ್ಕಾಲದ ರಾತ್ರಿಗಳಲ್ಲಿ, ಅಂದರೆ ಇಲ್ಲಿನ ನವೆಂಬರಿನಿಂದ ಏಪ್ರಿಲ್ ತನಕ, ಅದರಲ್ಲೂ ಮಳೆಯಾದ ಮೇಲೆ, ಹೆಣ್ಣನ್ನು ಹುಡುಕುತ್ತಾ ಅಲೆಯುತ್ತದೆ. ಮನೆಗೆ, ಗ್ಯಾರೇಜಿಗೆ, ಬೂಟಿನೊಳಕ್ಕೆ ಬರುವುದು ಅದೇ. ಎರಡನೆಯದಾಗಿ, ಸಿಡ್ನಿ ಫನಲ್‌ವೆಬ್‌ನ ಗಂಡಿನ ವಿಷ ಮನುಷ್ಯನ ಮೇಲೆ ಹೆಣ್ಣಿನದಕ್ಕಿಂತ ಬಹಳ ತೀವ್ರವಾಗಿ ಕೆಲಸ ಮಾಡುತ್ತದೆ.

ಇದರಲ್ಲಿ ವಿಚಾರ ಮಾಡಬೇಕಾದ ಸಂಗತಿಯೊಂದಿದೆ. ಮನುಷ್ಯರಿಗೂ ಕೋತಿಗಳಿಗೂ ಮಾರಕವಾದ ಈ ವಿಷ ನಾಯಿ, ಬೆಕ್ಕು, ಮೊಲಗಳಿಗೆ ಅಷ್ಟಾಗಿ ತಾಗುವುದಿಲ್ಲ. ಜೇಡ ಆಸ್ಟ್ರೇಲಿಯಾದಲ್ಲಿ ವಿಕಾಸಗೊಂಡ ಕೋಟ್ಯಂತರ ವರ್ಷಗಳ ಕಾಲ ಅಲ್ಲಿ ಮನುಷ್ಯನಾಗಲಿ ಮಂಗವಾಗಲಿ ಇರಲೇ ಇಲ್ಲ. ಬಿಲ ಬಿಟ್ಟು ಅಲೆಯುವ ಗಂಡು ಜೇಡ ತನ್ನನ್ನು ತಿನ್ನಬರುವ ಬೆನ್ನೆಲುಬಿನ ಪ್ರಾಣಿಗಳಿಗೆ ನೋವುಂಟುಮಾಡಿ ಪಾರಾಗಲು ಬೆಳೆಸಿಕೊಂಡ ವಿಷವದು ಎಂದು 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ವಿವರಿಸಿದೆ. ಅದು ನಮ್ಮ ನರಗಳಿಗೂ ಅಷ್ಟು ಚೆನ್ನಾಗಿ ಅಂಟಿಕೊಳ್ಳುವುದು ಆಕಸ್ಮಿಕ.

ಫನಲ್‌ವೆಬ್ ಕಚ್ಚಿದರೆ ದೇಹದಲ್ಲಿ ಏನಾಗುತ್ತದೆ?

ಹಲ್ಲು ದೊಡ್ಡದಾದ್ದರಿಂದ ಕಚ್ಚಿದ ಕೂಡಲೇ ತೀವ್ರ ನೋವಾಗುತ್ತದೆ, ಹಲ್ಲಿನ ಗುರುತೂ ಕಾಣುತ್ತದೆ. ಕೆಲವೊಮ್ಮೆ ಜೇಡವನ್ನು ಕಿತ್ತು ಬಿಡಿಸಬೇಕಾಗುತ್ತದೆ. ಬಹುಪಾಲು ಕಡಿತಗಳು ಅಲ್ಲಿಗೇ ನಿಲ್ಲುತ್ತವೆ, ಏಕೆಂದರೆ ಪ್ರತಿ ಬಾರಿಯೂ ಸಾಕಷ್ಟು ವಿಷ ಒಳಸೇರುವುದಿಲ್ಲ. ಆದರೆ ಯಾವ ಕಡಿತ ಅಲ್ಲಿಗೇ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಮೊದಲ ನಿಮಿಷಗಳಲ್ಲಿ ಯಾರೂ ಹೇಳಲಾರರು. ಆದ್ದರಿಂದ ಪ್ರತಿಯೊಂದನ್ನೂ ಪ್ರಾಣಾಪಾಯವೆಂದೇ ಭಾವಿಸಿ ನಡೆದುಕೊಳ್ಳಬೇಕು.

ನರಗಳ ಮೂಲಕ ಸಂದೇಶ ಹರಿಯಲು ಸೋಡಿಯಂ ಕಣಗಳ ದ್ವಾರಗಳು ಕ್ಷಣಾರ್ಧದಲ್ಲಿ ತೆರೆದು ಮುಚ್ಚಿಕೊಳ್ಳಬೇಕು. ಈ ವಿಷದ ಮುಖ್ಯ ಅಂಶವು ಆ ದ್ವಾರಗಳು ಸರಿಯಾಗಿ ಮುಚ್ಚದಂತೆ ತಡೆಯುವುದರಿಂದ ನರಗಳು ನಿಲ್ಲದೆ ಮಿಡಿಯತೊಡಗುತ್ತವೆ. ಕೆಲವೇ ನಿಮಿಷಗಳಲ್ಲಿ ತುಟಿಯ ಸುತ್ತ ಜುಮ್ಮೆನ್ನುತ್ತದೆ, ನಾಲಿಗೆಯ ಸ್ನಾಯುಗಳು ಅದುರುತ್ತವೆ, ಜೊಲ್ಲು ಮತ್ತು ಕಣ್ಣೀರು ಸುರಿಯುತ್ತವೆ, ಮೈ ಬೆವರಿ ಕೂದಲು ನಿಮಿರುತ್ತದೆ, ವಾಂತಿಯಾಗುತ್ತದೆ. ರಕ್ತದೊತ್ತಡ ಏರುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಉಸಿರಾಟ ಕಷ್ಟವಾಗುತ್ತದೆ. ಮಕ್ಕಳಲ್ಲಿ ಇದೆಲ್ಲ ಇನ್ನೂ ಬೇಗ ಆಗುತ್ತದೆ. ಕಚ್ಚಿದ ಮಗು ಅಳು ನಿಲ್ಲಿಸಿ ಜೊಲ್ಲು ಸುರಿಸತೊಡಗಿದರೆ ಅದು ಸಮಾಧಾನಗೊಂಡಿದೆ ಎಂದು ತಿಳಿಯಬೇಡಿ.

ಪ್ರತಿವಿಷವನ್ನು ಕಂಡುಹಿಡಿದವರು ಯಾರು? ಅದನ್ನು ಹೇಗೆ ತಯಾರಿಸುತ್ತಾರೆ?

ಮೆಲ್ಬರ್ನಿನ ಕಾಮನ್‌ವೆಲ್ತ್ ಸೀರಮ್ ಲ್ಯಾಬೊರೇಟರೀಸ್‌ನಲ್ಲಿ ಡಾ. ಸ್ಟ್ರೂಅನ್ ಸದರ್ಲ್ಯಾಂಡ್ ಮತ್ತು ಅವರ ಸಹೋದ್ಯೋಗಿಗಳು ವರ್ಷಗಳ ಪ್ರಯತ್ನದ ನಂತರ ಇದನ್ನು ಸಿದ್ಧಪಡಿಸಿದರು. 1981ರ ಆರಂಭದಲ್ಲಿ ಸಿಡ್ನಿಯ ರಾಯಲ್ ನಾರ್ತ್ ಶೋರ್ ಆಸ್ಪತ್ರೆಯಲ್ಲಿ ಮೊದಲ ರೋಗಿಗೆ ಕೊಟ್ಟಾಗ ಆತ ಬದುಕಿದ. ಈ ವಿಷವನ್ನು ಮೊಲ ತಾಳಿಕೊಳ್ಳುತ್ತದೆ ಎಂಬ ಗುಣವೇ ಇಲ್ಲಿ ಉಪಕಾರಕ್ಕೆ ಬಂತು: ಮೊಲಗಳಿಗೆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟು, ಅವುಗಳ ರಕ್ತದಲ್ಲಿ ಮೂಡುವ ಪ್ರತಿಕಾಯಗಳನ್ನು ಶುದ್ಧೀಕರಿಸಿ ಪ್ರತಿವಿಷ ತಯಾರಿಸುತ್ತಾರೆ.

ಅದಕ್ಕೆ ಬೇಕಾದ ವಿಷವನ್ನು ಇಂದಿಗೂ ಸಿಡ್ನಿಯ ಉತ್ತರಕ್ಕಿರುವ ಸೋಮರ್ಸ್‌ಬಿಯ ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕ್‌ನಲ್ಲಿ ಕೈಯಿಂದಲೇ ತೆಗೆಯುತ್ತಾರೆ. ಗಂಡು ಜೇಡವನ್ನು ಕೆಣಕಿ, ಅದು ಹಿಂದಕ್ಕೆ ಬಾಗಿ ಹಲ್ಲು ತೋರಿಸಿದಾಗ ತುದಿಯಲ್ಲಿ ನಿಂತ ಹನಿಯನ್ನು ಸಣ್ಣ ಗಾಜಿನ ಕೊಳವೆಯಿಂದ ಹೀರಿಕೊಳ್ಳುತ್ತಾರೆ. ಒಂದು ಬಾಟಲಿ ಪ್ರತಿವಿಷಕ್ಕೆ ಹತ್ತಾರು ಬಾರಿ ಹೀಗೆ ಹನಿ ಕೂಡಿಸಬೇಕು. ಅಷ್ಟು ಜೇಡಗಳು ಎಲ್ಲಿಂದ ಬರಬೇಕು? ಸಾಮಾನ್ಯ ಜನರೇ ತಮ್ಮ ಮನೆಯಂಗಳದಲ್ಲಿ ಸಿಕ್ಕಿದ್ದನ್ನು ಜಾಡಿಯಲ್ಲಿ ಹಿಡಿದು ತಂದುಕೊಡುತ್ತಾರೆ. ಇನ್ನೊಬ್ಬರ ಮಗುವಿನ ಜೀವ ಉಳಿಯಲೆಂದು ತಾವು ಹೆದರುವ ಪ್ರಾಣಿಯನ್ನು ಕೊಲ್ಲದೆ ಹೊತ್ತು ತರುವ ಈ ಊರಿನವರ ರೂಢಿಯ ಬಗ್ಗೆ ನನಗೆ ಅಪಾರ ಗೌರವವಿದೆ.

ಬ್ಯಾಂಡೇಜ್ ಕಟ್ಟುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುವಿರಾ?

ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಈ ಕ್ರಮವನ್ನು 1970ರ ದಶಕದ ಕೊನೆಯಲ್ಲಿ ರೂಪಿಸಿದವರೂ ಸದರ್ಲ್ಯಾಂಡ್ ಅವರೇ. ವಿಷ ಚರ್ಮದ ಅಡಿಯಿಂದ ದೇಹಕ್ಕೆ ಹರಡುವುದು ಹೆಚ್ಚಾಗಿ ದುಗ್ಧರಸದ ನಾಳಗಳ ಮೂಲಕ, ಮತ್ತು ಆ ರಸವನ್ನು ಮುಂದಕ್ಕೆ ತಳ್ಳುವುದು ನಾವು ಸ್ನಾಯುಗಳನ್ನು ಅಲುಗಿಸುವ ಕ್ರಿಯೆ. ಹೊರಗಿನಿಂದ ಅಗಲವಾದ ಒತ್ತಡ ಕೊಟ್ಟು ಅಂಗವನ್ನು ಅಲುಗಿಸದೆ ಇಟ್ಟರೆ ಆ ಹರಿವು ಬಹಳ ಮಟ್ಟಿಗೆ ನಿಲ್ಲುತ್ತದೆ. ಫನಲ್‌ವೆಬ್ ವಿಷ ಹೀಗೆ ಒಂದೇ ಕಡೆ ಉಳಿದರೆ ಅಲ್ಲಿಯೇ ಶಕ್ತಿಗುಂದುತ್ತದೆ ಎಂದು ಮಂಗಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ.

ಹತ್ತರಿಂದ ಹದಿನೈದು ಸೆಂಟಿಮೀಟರ್ ಅಗಲದ ಎಲಾಸ್ಟಿಕ್ ಬ್ಯಾಂಡೇಜ್ ಒಳ್ಳೆಯದು. ಸಿಗದಿದ್ದರೆ ಸೀರೆಯ ಅಂಚು, ದುಪ್ಪಟ್ಟಾ, ಟೀ ಶರ್ಟ್ ಹರಿದ ಪಟ್ಟಿ ಯಾವುದಾದರೂ ಆದೀತು. ಮೊದಲು ಕಚ್ಚಿದ ಜಾಗದ ಮೇಲೆ ಸುತ್ತಿ. ಆಮೇಲೆ ಬೆರಳ ತುದಿ ಮಾತ್ರ ಕಾಣುವಂತೆ ಬಿಟ್ಟು, ಅಲ್ಲಿಂದ ಮೇಲಕ್ಕೆ ತೊಡೆಯ ಅಥವಾ ತೋಳಿನ ಬುಡದ ತನಕ ಸುತ್ತಿ. ಉಳುಕಿದ ಕಾಲಿಗೆ ಕಟ್ಟುವಷ್ಟು ಬಿಗಿ ಇರಬೇಕು, ಬೆರಳು ನೀಲಿಗಟ್ಟುವಷ್ಟು ಇರಬಾರದು. ಪ್ಯಾಂಟನ್ನು ಬಿಚ್ಚಲು ಹೋಗಬೇಡಿ, ಅದರ ಮೇಲೆಯೇ ಸುತ್ತಿ. ಕಚ್ಚಿದ ಜಾಗ ಯಾವುದೆಂದು ಬ್ಯಾಂಡೇಜಿನ ಮೇಲೆ ಪೆನ್ನಿನಿಂದ ಗುರುತು ಹಾಕಿ, ಕಚ್ಚಿದ ಸಮಯ ಬರೆಯಿರಿ. ಬಳಿಕ ಒಂದು ಕೋಲು, ಸುತ್ತಿದ ದಿನಪತ್ರಿಕೆ ಅಥವಾ ಲಟ್ಟಣಿಗೆಯನ್ನು ದಬ್ಬೆಯಂತೆ ಇಟ್ಟು ಕಟ್ಟಿ ಅಂಗ ಬಾಗದಂತೆ ಮಾಡಿ. ಕಚ್ಚಿದ್ದು ಎದೆಗೋ ಕುತ್ತಿಗೆಗೋ ಆಗಿದ್ದರೆ ಸುತ್ತಲು ಬರುವುದಿಲ್ಲ. ಅಲುಗದಂತೆ ಮಲಗಿಸಿ, ಎದೆಗೆ ಕಚ್ಚಿದ್ದರೆ ಉಸಿರಿಗೆ ತೊಂದರೆಯಾಗದಂತೆ ಆ ಜಾಗವನ್ನು ಒತ್ತಿ ಹಿಡಿಯಿರಿ, ಕುತ್ತಿಗೆಯನ್ನು ಮಾತ್ರ ಒತ್ತಬೇಡಿ.

ನೋವು ಕಡಿಮೆಯಾಯಿತೆಂದು ಮನೆಯಲ್ಲೇ ಬ್ಯಾಂಡೇಜ್ ಬಿಚ್ಚುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ತಡೆದಿಟ್ಟ ವಿಷ ಒಮ್ಮೆಲೇ ಒಳನುಗ್ಗಬಹುದು. ಪ್ರತಿವಿಷ ಕೈಗೆಟಕುವಲ್ಲಿ ಇರುವಾಗ ವೈದ್ಯರೇ ಅದನ್ನು ಬಿಚ್ಚಬೇಕು.

ನಾನು ಮನೆಯಲ್ಲಿ ಇದನ್ನು ಮಕ್ಕಳಿಂದ ಅಭ್ಯಾಸ ಮಾಡಿಸಿದ್ದೇನೆ. ಮೊದಲ ಸಲ ಬ್ಯಾಂಡೇಜ್ ಮೊಣಕಾಲಿಗೇ ಮುಗಿದುಹೋಯಿತು. ಕಾಲಿಗೆ ಎರಡು ಮೂರು ಸುರುಳಿ ಬೇಕೆಂಬುದು ಕಟ್ಟಿ ನೋಡಿದ ಮೇಲೆಯೇ ತಿಳಿದದ್ದು.

ಮೇಲೆ ಹಗ್ಗ ಬಿಗಿಯುವುದು, ಗಾಯ ಕೊಯ್ದು ರಕ್ತ ಹರಿಸುವುದು, ಬಾಯಿಂದ ಹೀರುವುದು ಸರಿಯೇ?

ಯಾವುದೂ ಸರಿಯಲ್ಲ. ಹಗ್ಗ ಬಿಗಿದರೆ ರಕ್ತ ನಿಂತು ಅಂಗವೇ ಹಾಳಾಗಬಹುದು, ಕೊಯ್ದರೆ ನಂಜೇರುತ್ತದೆ, ಹೀರಿದರೆ ವಿಷ ಬರುವುದಿಲ್ಲ. ಅರಿಶಿನ, ಸುಣ್ಣ, ನಾಟಿ ಸೊಪ್ಪು ಅರೆಯುವ ಸಮಯದಲ್ಲಿ ಬ್ಯಾಂಡೇಜ್ ಸುತ್ತಿ ಮುಗಿಸಬಹುದು.

ಕೆಂಪು ಪಟ್ಟೆಯ ರೆಡ್‌ಬ್ಯಾಕ್ ಜೇಡಕ್ಕೂ ಇದೇ ಚಿಕಿತ್ಸೆಯೇ?

ಅಲ್ಲ, ಇದಕ್ಕೆ ಬ್ಯಾಂಡೇಜ್ ಕಟ್ಟಬಾರದು. ರೆಡ್‌ಬ್ಯಾಕ್ ವಿಷ ನಿಧಾನವಾಗಿ ಹರಡುತ್ತದೆ, ಥಟ್ಟನೆ ಪ್ರಾಣ ತೆಗೆಯುವಂಥದ್ದಲ್ಲ. ಒತ್ತಿ ಕಟ್ಟಿದರೆ ನೋವು ಮಾತ್ರ ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ವಿಷ ಮಾಹಿತಿ ಕೇಂದ್ರದ 13 11 26 ಸಂಖ್ಯೆಗೆ ಕರೆ ಮಾಡಿ ಸಲಹೆ ಕೇಳಬೇಕು. ಅದು ದೇಶದ ಎಲ್ಲಿಂದ ಬೇಕಾದರೂ, ಹಗಲು ರಾತ್ರಿ ಯಾವಾಗ ಬೇಕಾದರೂ ಸಿಗುತ್ತದೆ. ಜೇಡ ಯಾವುದೆಂದು ಖಚಿತವಿಲ್ಲದೆ, ಅದು ದೊಡ್ಡದಾಗಿ ಕಪ್ಪಗಿತ್ತು ಎಂದಷ್ಟೇ ಗೊತ್ತಿದ್ದರೆ ಮಾತ್ರ ಫನಲ್‌ವೆಬ್ ಎಂದೇ ತಿಳಿದು ಬ್ಯಾಂಡೇಜ್ ಕಟ್ಟಬೇಕು.

ರೆಡ್‌ಬ್ಯಾಕ್ ಕನ್ನಡಿಗರ ಮನೆಗಳಲ್ಲಿ ಎಲ್ಲಿರುತ್ತದೆ ಎಂದು ನಾನು ಕಂಡದ್ದನ್ನು ಹೇಳುತ್ತೇನೆ: ಕರಿಬೇವಿನ ಕುಂಡದ ಅಡಿಯಲ್ಲಿ. ಚಳಿಗಾಲ ಬಂತೆಂದು ಕುಂಡವನ್ನು ಒಳಗೆ ಇಡಲು ಅಂಚಿಗೆ ಬೆರಳು ಹಾಕಿ ಎತ್ತುವಾಗ ಚಟಚಟನೆ ಎಳೆ ಹರಿದ ಸದ್ದಾಯಿತು. ಓರೆ ಮಾಡಿ ನೋಡಿದರೆ ಗೊಂದಲಮಯವಾದ, ತಂತಿಯಂತೆ ಗಟ್ಟಿಯಾದ ಬಲೆ, ಅದರಲ್ಲಿ ಬಟಾಣಿ ಗಾತ್ರದ ಎರಡು ಕೆನೆಬಣ್ಣದ ಮೊಟ್ಟೆಚೀಲ, ಪಕ್ಕದಲ್ಲಿ ಕರಿಮಣಿಯಂಥ ಮೈಯ ಮೇಲೆ ಕುಂಕುಮ ಎಳೆದಂಥ ಗೆರೆಯಿರುವ ಹೆಣ್ಣು. ಅಂದಿನಿಂದ ಕೈಗವಸು ಹಾಕದೆ ಕುಂಡ ಮುಟ್ಟುವುದಿಲ್ಲ. ಅಂಚೆಪೆಟ್ಟಿಗೆ, ಹೊರಗಿಟ್ಟ ಕುರ್ಚಿಯ ಅಡಿ, ಮಕ್ಕಳ ಸೈಕಲ್ ಹೆಲ್ಮೆಟ್ ಇವೂ ಅದರ ಮೆಚ್ಚಿನ ಜಾಗಗಳು.

ಕಚ್ಚಿದಾಗ ಮೊದಲಿಗೆ ಚುರುಕ್ ಎಂದಷ್ಟೇ ಅನಿಸಿ, ಗಂಟೆಯೊಳಗೆ ನೋವು ಏರುತ್ತಾ ಇಡೀ ಕೈಕಾಲಿಗೆ ಹಬ್ಬಬಹುದು. ಕಚ್ಚಿದ ಜಾಗ ಮಾತ್ರ ಬೆವರುವುದು ಇದರ ವಿಶೇಷ ಲಕ್ಷಣ. ವಾಕರಿಕೆ, ತಲೆನೋವು, ನಿದ್ದೆಗೆಡುವುದು ಕೆಲವು ದಿನ ಇರಬಹುದು. ಇದಕ್ಕೂ 1956ರಿಂದಲೇ ಪ್ರತಿವಿಷ ಇದೆ. ಆದರೆ 224 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನೋವಿನ ಔಷಧಿಯ ಜೊತೆಗೆ ಪ್ರತಿವಿಷ ಕೊಟ್ಟವರಿಗೂ ಬರೀ ಉಪ್ಪುನೀರು ಕೊಟ್ಟವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಈಗ ವೈದ್ಯರು ನೋವು ಶಮನಕ್ಕೇ ಹೆಚ್ಚು ಒತ್ತು ಕೊಟ್ಟರೆ, ತಮಗೆ ಚಿಕಿತ್ಸೆ ನಿರಾಕರಿಸಿದರು ಎಂದು ತಪ್ಪು ತಿಳಿಯಬಾರದು.

ಬಿಳಿಬಾಲದ ಜೇಡ ಕಚ್ಚಿದರೆ ಮಾಂಸ ಕೊಳೆಯುತ್ತದೆ ಎನ್ನುವುದು ನಿಜವೇ?

ಇಲ್ಲಿನ ಕಚೇರಿ, ಶಾಲೆ, ಆಟದ ಮೈದಾನ ಎಲ್ಲೆಡೆ ಈ ಮಾತು ಕೇಳುತ್ತದೆ. ಬಿಳಿಬಾಲದ ಜೇಡವೇ ಕಚ್ಚಿದೆ ಎಂದು ಜೇಡವನ್ನು ಹಿಡಿದು ತಂದು ಖಚಿತಪಡಿಸಿಕೊಂಡ 130 ಪ್ರಕರಣಗಳನ್ನು ಆಸ್ಟ್ರೇಲಿಯಾದ ಸಂಶೋಧಕರು ಹಿಂಬಾಲಿಸಿ 2003ರಲ್ಲಿ ವರದಿ ಪ್ರಕಟಿಸಿದರು. ನೋವು, ಕೆಂಪಗಾಗುವುದು, ತುರಿಕೆ ಇದ್ದವು. ಕೊಳೆತ ಹುಣ್ಣು ಒಂದೂ ಇರಲಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇಲ್ಲೊಂದು ಮಾತು ಸೇರಿಸಬೇಕು. ಅಲ್ಲಿನ ಬ್ರೌನ್ ರೆಕ್ಲೂಸ್ ಕಚ್ಚಿದರೆ ಹುಣ್ಣಾಗುವುದು ನಿಜ. ಆದರೂ ಕ್ಯಾನ್ಸಾಸ್‌ನ ಲೆನೆಕ್ಸಾದ ಒಂದು ಹಳೆಯ ಮನೆಯಲ್ಲಿ ಆರು ತಿಂಗಳಲ್ಲಿ 2,055 ರೆಕ್ಲೂಸ್ ಜೇಡಗಳನ್ನು ಹಿಡಿದು ಎಣಿಸಿದಾಗ, ವರ್ಷಗಳಿಂದ ಅಲ್ಲಿ ವಾಸವಾಗಿದ್ದ ಕುಟುಂಬದ ಯಾರಿಗೂ ಒಂದೂ ಕಡಿತವಾಗಿರಲಿಲ್ಲ. ವಾಸಿಯಾಗದ ಹುಣ್ಣಿಗೆ ಕಾಣದ ಜೇಡವನ್ನು ಹೊಣೆ ಮಾಡಿದರೆ ಸೋಂಕು, ಸಕ್ಕರೆ ಕಾಯಿಲೆ, ಚರ್ಮದ ಕ್ಯಾನ್ಸರ್‌ನಂಥ ನಿಜವಾದ ಕಾರಣಗಳ ಪತ್ತೆ ತಡವಾಗುತ್ತದೆ.

ಗೋಡೆಯ ಮೇಲೆ ಅಂಗೈಯಗಲದ ಜೇಡ ಓಡಾಡುತ್ತಿದೆ. ಅಪಾಯವೇ?

ಅದು ಹಂಟ್ಸ್‌ಮನ್. ಚಪ್ಪಟೆಯಾಗಿ, ಕೂದಲುಳ್ಳದ್ದಾಗಿ, ಏಡಿಯಂತೆ ಅಡ್ಡಡ್ಡ ಓಡುತ್ತದೆ, ಜಿರಳೆ ಹಿಡಿಯುತ್ತದೆ. ಕಚ್ಚುವುದು ಅಪರೂಪ, ಕಚ್ಚಿದರೂ ಅಪಾಯವಿಲ್ಲ. ಕಾರು ಓಡಿಸುವಾಗ ಅದು ಥಟ್ಟನೆ ಕಣ್ಣೆದುರು ಬಂದರೆ ಮಾತ್ರ ನಿಜವಾದ ಅಪಾಯ. ಸ್ಟಿಯರಿಂಗ್ ಬಿಡದೆ ನಿಧಾನವಾಗಿ ಪಕ್ಕಕ್ಕೆ ನಿಲ್ಲಿಸಿ ಇಳಿಯಿರಿ.

ಫನಲ್‌ವೆಬ್ ಹಾರಿ ಬಂದು ಕಚ್ಚುತ್ತದೆಯೇ? ಈಜುಕೊಳದಲ್ಲಿ ಸತ್ತು ಬಿದ್ದದ್ದನ್ನು ಕೈಯಲ್ಲಿ ತೆಗೆಯಬಹುದೇ?

ಅದು ಹಾರುವುದಿಲ್ಲ, ಅಟ್ಟಿಸಿಕೊಂಡು ಬರುವುದಿಲ್ಲ, ನುಣುಪಾದ ಗಾಜನ್ನು ಹತ್ತಲಾರದು. ಆದರೆ ಕೊಳದ ತಳದಲ್ಲಿ ಸತ್ತಂತೆ ಬಿದ್ದದ್ದನ್ನು ಎಂದೂ ಕೈಯಿಂದ ಎತ್ತಬೇಡಿ. ಮೈಯ ಕೂದಲಿನ ನಡುವೆ ಗಾಳಿಯ ಗುಳ್ಳೆ ಹಿಡಿದಿಟ್ಟುಕೊಂಡು ಅದು ಒಂದು ದಿನಕ್ಕೂ ಹೆಚ್ಚು ಹೊತ್ತು ನೀರಿನೊಳಗೆ ಜೀವಂತ ಇರಬಲ್ಲದು. ಕಸ ತೆಗೆಯುವ ಬಲೆಯಿಂದ ಎತ್ತಿ.

ಊರಿನಿಂದ ಬರುವ ಹಿರಿಯರಿಗೆ ಏನೇನು ಹೇಳಿಕೊಡಬೇಕು?

ನಮ್ಮವರಿಗೆ ಚಪ್ಪಲಿಯನ್ನು ಹೊಸ್ತಿಲಾಚೆ ಬಿಡುವ ಅಭ್ಯಾಸ. ಒಳ್ಳೆಯ ಅಭ್ಯಾಸವೇ, ಆದರೆ ಅಲೆಯುವ ಗಂಡು ಫನಲ್‌ವೆಬ್‌ಗೆ ಬೆಳಗಾಗುವ ಹೊತ್ತಿಗೆ ಬೇಕಾಗುವುದು ಕತ್ತಲಿನ, ತೇವದ ಒಂದು ಸಂದು. ಹೊರಗಿಟ್ಟ ಬೂಟು ಅದಕ್ಕೆ ಸರಿಯಾಗಿ ಒದಗುತ್ತದೆ. ಬೂಟುಗಳನ್ನು ಒಳಗೆ ಮುಚ್ಚಿದ ಪೆಟ್ಟಿಗೆಯಲ್ಲಿಡಿ, ಹಾಕುವ ಮೊದಲು ತಲೆಕೆಳಗು ಮಾಡಿ ಕೊಡವಿ. ನೆಲದ ಮೇಲೆ ಬಿಟ್ಟ ಟವೆಲ್, ರಾತ್ರಿಯೆಲ್ಲ ಹೊರಗೆ ಒಣಗಿದ ಬಟ್ಟೆಯನ್ನೂ ಹಾಗೆಯೇ. ತೋಟದಲ್ಲಿ ಕಲ್ಲು ಎತ್ತುವಾಗ, ಮೆಂತ್ಯ ಕೊತ್ತಂಬರಿಗೆ ಮಡಿ ಮಾಡುವಾಗ ದಪ್ಪ ಕೈಗವಸು ಹಾಕಿ. ರಾತ್ರಿ ಹಿತ್ತಿಲಿಗೆ ಬರಿಗಾಲಲ್ಲಿ ಹೋಗಬೇಡಿ. ಹೊರಬಾಗಿಲಿನ ಅಡಿಯ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ. ಇದಕ್ಕೆ ಹೆಚ್ಚು ಖರ್ಚಿಲ್ಲ. ವರ್ಷಕ್ಕೊಮ್ಮೆ ಅಂಗಳವೆಲ್ಲ ಕೀಟನಾಶಕ ಹೊಡೆಸುವುದಕ್ಕಿಂತ ಇದು ಹೆಚ್ಚು ಉಪಯುಕ್ತ ಎನ್ನುವುದು ನನ್ನ ಅನುಭವ.

ಕರ್ನಾಟಕದಲ್ಲಿ ಇಂಥ ಜೇಡಗಳಿವೆಯೇ?

ಫನಲ್‌ವೆಬ್‌ಗೆ ಸಮನಾದದ್ದು ಇಲ್ಲ. ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿ ವಾಸಿಸುವ, ಅಂಗೈಯಗಲದ, ಬೂದು ಬಿಳಿ ಕಪ್ಪು ಚಿತ್ತಾರದ ದೊಡ್ಡ ಟರಾಂಟುಲಾಗಳಿವೆ. ಅವುಗಳಲ್ಲೊಂದಕ್ಕೆ ಮೈಸೂರಿನ ಹೆಸರೇ ಇದೆ. ಈ ಗುಂಪಿನ ಜೇಡಗಳು ಕಚ್ಚಿದರೆ ತೀವ್ರ ನೋವು ಮತ್ತು ದಿನಗಟ್ಟಲೆ ಮರುಕಳಿಸುವ ಸ್ನಾಯುಸೆಳೆತ ಬರಬಹುದು, ಆಸ್ಪತ್ರೆಗೆ ಹೋಗಲೇಬೇಕು. ಆದರೆ ಅವು ನಾಚಿಕೆಯ ಪ್ರಾಣಿಗಳು, ಮರ ಕಡಿಯುವವರನ್ನೂ ಸಾಕಲೆಂದು ಕದ್ದು ಹಿಡಿಯುವವರನ್ನೂ ಬಿಟ್ಟರೆ ಅವುಗಳ ಕೈಗೆ ಸಿಗುವವರು ಕಡಿಮೆ. ಕಾಡು ಕಡಿಮೆಯಾಗುತ್ತಾ ಈಗ ಅಪಾಯದಲ್ಲಿರುವುದು ಅವೇ.

ಭಾರತದಲ್ಲಿ ಜೇಡದ ವಿಷಕ್ಕೆಂದು ಪ್ರತಿವಿಷ ತಯಾರಾಗುವುದಿಲ್ಲ. ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದು ಜೇಡಕ್ಕೆ ಕೆಲಸ ಮಾಡುವುದಿಲ್ಲ, ಅದನ್ನು ಕೊಡಿ ಎಂದು ವೈದ್ಯರನ್ನು ಒತ್ತಾಯಿಸುವುದರಿಂದ ಹಾನಿಯೇ ಹೆಚ್ಚು.

ಊರಿನಲ್ಲಿ ರಾತ್ರಿ ಏನೋ ಕಚ್ಚಿದೆ, ಜೇಡವಿರಬೇಕು ಎಂದರೆ ಏನು ಮಾಡಬೇಕು?

ಈ ಪ್ರಶ್ನೆಗೆ ನಾನು ಬಹಳ ಗಂಭೀರವಾಗಿ ಉತ್ತರಿಸುತ್ತೇನೆ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರಿಗೆ ಕಟ್ಟುಹಾವು ಕಚ್ಚಿದರೆ ಎಷ್ಟೋ ಬಾರಿ ನೋವೂ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ಏನೋ ಹುಳ ಕಚ್ಚಿತೆಂದು ಮಗ್ಗುಲಾಗಿ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವೆಂದು ಏಳುತ್ತಾರೆ, ರೆಪ್ಪೆ ಬಾಡಿರುತ್ತದೆ, ಮಾತು ತೊದಲುತ್ತದೆ. ಇವುಗಳಲ್ಲಿ ಒಂದು ಲಕ್ಷಣ ಕಂಡರೂ ಜೇಡದ ಮಾತು ಬಿಟ್ಟು ಪ್ರತಿವಿಷವಿರುವ ಆಸ್ಪತ್ರೆಗೆ ಧಾವಿಸಿ. ಭಾರತದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸರಾಸರಿ 58,000 ಎಂಬುದು ಅಧ್ಯಯನವೊಂದರ ಅಂದಾಜು. ಜೇಡದ ಲೆಕ್ಕ ಅದರ ಹತ್ತಿರಕ್ಕೂ ಬರುವುದಿಲ್ಲ. ಮೇಲೆ ಹೇಳಿದ ಬಿಗಿ ಬ್ಯಾಂಡೇಜಿನ ಕ್ರಮವನ್ನು ಊರಿನ ಹಾವುಗಳಿಗೆ ಹಾಗೆಯೇ ಅನ್ವಯಿಸಬೇಡಿ. ಕೊಳಕುಮಂಡಲ ಕಚ್ಚಿದ ಜಾಗದ ಮಾಂಸವೇ ಹಾಳಾಗುವುದರಿಂದ ಒತ್ತಿ ಕಟ್ಟಿದರೆ ಕೇಡಾಗಬಹುದು. ಅಲ್ಲಿ ಅಂಗವನ್ನು ಅಲುಗಿಸದೆ ಬೇಗ ಆಸ್ಪತ್ರೆ ಸೇರುವುದಷ್ಟೇ ಕೆಲಸ.

ಇನ್ನೊಂದಿದೆ. ಜ್ವರದ ಜೊತೆಗೆ ಕಂಕುಳಲ್ಲೋ ತೊಡೆಸಂದಿಯಲ್ಲೋ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹೆಕ್ಕಳೆ ಕಂಡರೆ ಅದನ್ನೂ ಜೇಡ ಕಚ್ಚಿದ್ದೆನ್ನುತ್ತಾರೆ. ಅದು ಸಣ್ಣ ನುಸಿಯಿಂದ ಹರಡುವ ಸ್ಕ್ರಬ್ ಟೈಫಸ್ ಇರಬಹುದು. ಸರಿಯಾದ ಮಾತ್ರೆ ಬೇಗ ಕೊಟ್ಟರೆ ವಾಸಿಯಾಗುತ್ತದೆ, ತಡವಾದರೆ ಪ್ರಾಣಕ್ಕೆ ಕುತ್ತು. ವೈದ್ಯರಿಗೆ ಆ ಕಲೆಯನ್ನು ಮರೆಯದೆ ತೋರಿಸಿ.

ಇಂಗ್ಲಿಷ್ ಸರಾಗವಾಗಿ ಬಾರದ ಅಮ್ಮ ಸಿಡ್ನಿಯ ಮನೆಯಲ್ಲಿ ಹಗಲು ಒಬ್ಬರೇ ಇರುತ್ತಾರೆ. ಅವರಿಗೆ ಏನು ವ್ಯವಸ್ಥೆ ಮಾಡಬೇಕು?

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಅದರಲ್ಲಿ ದೊಡ್ಡ ಅಕ್ಷರದಲ್ಲಿ 000, ಅದರ ಕೆಳಗೆ ಕನ್ನಡ ಲಿಪಿಯಲ್ಲಿ ಆಂಬುಲೆನ್ಸ್, ಸ್ಪೈಡರ್ ಬೈಟ್ ಎಂಬ ಎರಡು ಮಾತು, ಆಮೇಲೆ ಮನೆಯ ವಿಳಾಸ, ಅದೂ ಕನ್ನಡದಲ್ಲೇ, ಉಚ್ಚರಿಸಬೇಕಾದ ಹಾಗೆ. ಬಾಗಿಲಿನ ಪಕ್ಕದ ಮೊಳೆಗೆ ಮೂರು ಸುರುಳಿ ಬ್ಯಾಂಡೇಜ್ ಇರುವ ಚೀಲ. ಒಬ್ಬರೇ ಇದ್ದಾಗ ಕಚ್ಚಿದರೆ ನೆರೆಮನೆಗೆ ಓಡಬಾರದು, ಮೆಟ್ಟಿಲು ಇಳಿಯಬಾರದು. ಫೋನು ಹಿಡಿದು ನೆಲದ ಮೇಲೆಯೇ ಕೂತು, ಮೊದಲು ಕರೆ ಮಾಡಿ, ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟು ಬ್ಯಾಂಡೇಜ್ ಸುತ್ತಿಕೊಳ್ಳಬೇಕು. ಅದಕ್ಕಾಗಿ ಫೋನು ಅಡುಗೆಮನೆಯಲ್ಲಿ ಉಳಿಯದೆ ಹಿತ್ತಿಲಿಗೆ ಹೋಗುವಾಗ ಜೊತೆಯಲ್ಲೇ ಇರಬೇಕು. ಅಮ್ಮ ಈಗ ಸೆರಗಿನ ತುದಿಯಲ್ಲಿ ಅದನ್ನು ಗಂಟುಹಾಕಿಕೊಂಡೇ ಕರಿಬೇವು ಕೀಳಲು ಹೋಗುತ್ತಾರೆ.